ಕಾವಿ ಉಟ್ಟ ಹುಣಸೆಮರ

ಕೊನೆಯ ಹಲಸಿನ ಮರವೂ ಉರುಳಿತು. ಇನ್‌ಸೋನ್ ಗರಗಸದ ಯಂತ್ರ ಆರಿಸಿ, ಕಳ್ಳನ ಹಾಗೆ ರಸ್ತೆಯತ್ತ ಕಣ್ಣು ಹಾಯಿಸಿದ.

"ಬುಡಾನೂ ಕಿತ್ತು ಮಣ್ಣು ಮುಚ್ಚ್ರೋ. ಅರಣ್ಯ ಸಾಹೇಬ್ರು ಬಂದಾಗ ಇಲ್ಲಿ ಮರ ಇತ್ತು ಅಂತ ಗುರುತೂ ಸಿಗಬಾರ್ದು" ಎಂದು ಕೂಲಿಯವರಿಗೆ ಹೇಳಿದ.

ಅವನ ಹೆಂಡತಿ ಫಿಕುನ್ ಅಂಟನ್ನದ ಬುಟ್ಟಿಯನ್ನು ದಿಮ್ಮಿಯ ಮೇಲೆ ಕುಕ್ಕಿದಳು. ತೋಟ ಅವಳ ತಾಯಿಯದು. ನಾನ್ ನದಿ ಕಣಿವೆಯ ಗುಡ್ಡಗಳೆಲ್ಲ ಮೆಕ್ಕೆಜೋಳಕ್ಕಾಗಿ ತಲೆ ಬೋಳಿಸಿಕೊಂಡಾಗಲೂ ಹಸಿರಾಗಿ ಉಳಿದದ್ದು ಇದೊಂದೇ.

"ಯಾರಿಗೆ ಮಾರ್ಕೊಂಡೆ ಮಾರಾಯ? ಜೋಳದ ಕಂಪನಿಗಾ, ಮರದ ವ್ಯಾಪಾರಿಗಾ?"

"ಬಾಯಿ ಬಿಟ್ರೆ ಊರೆಲ್ಲಾ ನನಗೂ ಅಂತ ಓಡಿಬರುತ್ತೆ. ಸುಮ್ನಿರು."

"ಬೇಸಿಗೇಲಿ ತಲೆ ಎಲ್ಲಿಡ್ತೀಯ?"

"ನೆರಳು ತಾನೇ? ಬರುತ್ತೆ ಬಿಡೇ." ಅವನು ಹಲ್ಲು ಕಿರಿದ.

ಹುಟ್ಟಿದಾಗಿನಿಂದ ಒಂದು ಗಿಡಕ್ಕೆ ಚೊಂಬು ನೀರು ಹನಿಸದ ಮಹಾಶಯ. ಕಡಿಯುವುದಕ್ಕೆ ಮಾತ್ರ ರಟ್ಟೆಯಲ್ಲಿ ಬಲ ಬಂದಿತ್ತು.

ಇನ್ನು ಉಳಿದದ್ದು ಅವ್ವ ನೆಟ್ಟ ಹುಣಸೆ. ಅದನ್ನು ಬಿಟ್ಟುಕೊಡಲು ಫಿಕುನ್ ಸಿದ್ಧಳಿರಲಿಲ್ಲ. ಊರಿನ ಬೌದ್ಧ ವಿಹಾರಕ್ಕೆ ಓಡಿದಳು. ಮರುದಿನ ಬೆಳಗ್ಗೆ ಹಿರಿಯ ಭಿಕ್ಷುಗಳು ಬಂದು, ಮಂತ್ರ ಪಠಿಸಿ, ಹುಣಸೆಯ ಬೊಡ್ಡೆಗೆ ಕಾವಿ ಬಟ್ಟೆ ಸುತ್ತಿದರು. ಮರಕ್ಕೆ ದೀಕ್ಷೆಯಾಯಿತು. ಇನ್ನು ಅದಕ್ಕೆ ಕೊಡಲಿ ತಾಗಿಸಿದರೆ ಸನ್ಯಾಸಿಯ ಕತ್ತು ಕೊಯ್ದ ಪಾಪ. ಕೂಲಿಯವರು ಮರಕ್ಕೆ ಕೈ ಮುಗಿದು, ಯಂತ್ರ ಹೊತ್ತು ಜಾಗ ಖಾಲಿ ಮಾಡಿದರು.

"ಮನೆ ಹಾಳು ಮಾಡಿದ್ಯಲ್ಲೇ!" ಇನ್‌ಸೋನ್ ತಲೆ ಹಿಡಿದು ಕೂತ.

ಅವಳು ಅಷ್ಟಕ್ಕೇ ಬಿಡಲಿಲ್ಲ. ಅರಣ್ಯ ಕಚೇರಿಗೆ ಫೋನು ಹಚ್ಚಿದಳು.

"ನನ್ನ ಗಂಡ ತೋಟಾನೆಲ್ಲಾ ಬೋಳಿಸ್ಬಿಟ್ಟ ಸಾಹೇಬ್ರೇ!"

"ಪೂರ್ತಿ ಬೋಳಾಯ್ತಾ ಚಿಕ್ಕಮ್ಮ? ಹಾಗಾದ್ರೆ ನಾಳೇನೇ ಬರ್ತೀವಿ."

ಹೇಳಿದಂತೆ ಬಂದರು. ಇನ್‌ಸೋನ್ ಕೈ ಮುಗಿದು ಎದುರುಗೊಂಡ. ಫಿಕುನ್ ಸೊಂಟದ ಮೇಲೆ ಕೈಯಿಟ್ಟು, ಬೇಡಿ ಬೀಳುವುದನ್ನು ನೋಡಲು ನಿಂತಳು. ಸಾಹೇಬರು ಬಟಾಬಯಲನ್ನು ಸುತ್ತಿದರು, ಬೂಟಿನ ತುದಿಯಿಂದ ಹೊಸ ಮಣ್ಣು ಕೆದಕಿದರು, ತಲೆಯಾಡಿಸಿದರು. ಕೊನೆಗೆ ಬಿಸಿಲು ತಾಳಲಾರದೆ ಹುಣಸೆಯ ನೆರಳಿಗೆ ಬಂದು ಬೆವರು ಒರೆಸಿಕೊಂಡರು. ಕಾವಿ ಬಟ್ಟೆಗೆ ಭಕ್ತಿಯಿಂದ ವಂದಿಸಿ, ಅವಳತ್ತ ತಿರುಗಿ ನಿಟ್ಟುಸಿರಿಟ್ಟರು.

"ಎಲ್ಲಾ ಅಚ್ಚುಕಟ್ಟಾಗಿತ್ತು ಚಿಕ್ಕಮ್ಮ, ಆದ್ರೆ ಒಂದು ಮರ ಇದ್ರೂ ನಮ್ಮ ಗಿಡ ನೆಡೋ ಸಹಾಯಧನ ಸಿಗೋದಿಲ್ಲ."