ಗಂಡನ ದೇಶಕ್ಕೆ ವೀಸಾ

ರಾಯಭಾರ ಕಚೇರಿಯ ಗೇಟಿನವರೆಗೂ ಅತ್ತೆ ನನ್ನಿಂದ ಪಾಠ ಒಪ್ಪಿಸಿಕೊಂಡರು.

"ನಿನ್ನ ಗಂಡನಿಗೆ ಇಷ್ಟದ ತಿಂಡಿ?"

"ನುಚ್ಚಿನುಂಡೆ."

"ಬಣ್ಣ?"

"ನೀಲಿ."

"ಒಂದು ತಪ್ಪಿದ್ರೂ ಸುಳ್ಳು ಮದುವೆ ಅಂತ ವೀಸಾ ಕೊಡಲ್ವಂತೆ, ನೋಡಮ್ಮ. ಆಮೇಲೆ ನನ್ನ ಮಗನಿಗೆ ಬೇರೆ ಹುಡುಗೀನ ಹುಡುಕ್ಬೇಕಾಗತ್ತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಒಳಗೆ, ಗಾಜಿನಾಚೆ ಕುಳಿತ ಅಧಿಕಾರಿಯ ಮುಖ ಕಂಡದ್ದೇ ಕಲಿತದ್ದೆಲ್ಲ ಮರೆತುಹೋಯಿತು.

"ನಿಮ್ಮ ಗಂಡನಿಗೆ ಯಾವ ತಿಂಡಿ ಇಷ್ಟ?"

"ಅತ್ತೆಗೆ ಗೊತ್ತು, ಸರ್."

"ಮದುವೆಗೆ ಮುಂಚೆ ಇಬ್ಬರೂ ಏನು ಮಾತಾಡಿದಿರಿ?"

"ದೊಡ್ಡೋರು ಮಾತಾಡಿದ್ರು."

"ಮದುವೆಯಾದ ಮೇಲೆ?"

"ಅವರ ರಜೆಯೆಲ್ಲ ನೆಂಟರ ಮನೆ ಊಟಕ್ಕೇ ಆಗ್ಹೋಯ್ತು. ಗಂಡಸರದ್ದು ಮೊದಲನೇ ಪಂಕ್ತಿ, ನಮ್ಮದು ಎರಡನೇದು."

"ಈಗ ಫೋನಿನಲ್ಲಿ?"

"ಅತ್ತೆ ಮಾತಾಡಿ ಮುಗಿಸಿ ನನಗೆ ಕೊಡೋ ಹೊತ್ತಿಗೆ ಅವರಿಗೆ ನಿದ್ದೆ ಬಂದಿರತ್ತೆ."

ಅಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಮ್ಮ ಗಂಡನ ಬಗ್ಗೆ ನಿಮಗೇ ಗೊತ್ತಿರುವುದು ಒಂದಾದರೂ ಇದೆಯಾ?"

"ಎತ್ತರ ಇದ್ದಾರೆ ಸರ್. ಹಾರ ಹಾಕೋವಾಗ ನಂಗೆ ಎಟುಕ್ಲೇ ಇಲ್ಲ."

ಪಕ್ಕದ ಕಿಟಕಿಯಲ್ಲಿದ್ದವರು ತಿರುಗಿ ನೋಡಿದರು. ನನ್ನ ಕಣ್ಣಲ್ಲಿ ನೀರು ತುಂಬಿತು. ಹೊರಗೆ ಕಾದಿರುವ ಅತ್ತೆಗೆ ಯಾವ ಮುಖ ತೋರಿಸಲಿ ಎಂದುಕೊಳ್ಳುತ್ತಿರುವಾಗಲೇ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ತಮ್ಮ ಬಳಿ ಇಟ್ಟುಕೊಂಡು, "ವೀಸಾ ಕೊಟ್ಟಿದ್ದೇನೆ, ಹೋಗಿಬನ್ನಿ" ಎಂದರು.

"ಸರ್, ನಾನು ಒಂದಕ್ಕೂ ಸರಿಯಾಗಿ ಉತ್ತರ ಹೇಳಲೇ ಇಲ್ಲವಲ್ಲ!"

"ಮೋಸದ ಜೋಡಿಗಳು ಒಬ್ಬರನ್ನೊಬ್ಬರು ಚೆನ್ನಾಗಿ ಅರಿತುಕೊಂಡು ಬರುತ್ತಾರಮ್ಮ. ಇಷ್ಟೂ ಗೊತ್ತಿಲ್ಲ ಅಂದಮೇಲೆ, ನೀವು ಗಂಡ ಹೆಂಡತಿಯೇ."