ಇಪ್ಪತ್ತೊಂದು ದಿನದ ಚಿಕಿತ್ಸೆ

"ಅವರ ಮೊಬೈಲ್ ಕೊಡೋಕಾಗಲ್ಲ ಅಂದ್ರೆ ಬೇಡ, ಆ ಮನುಷ್ಯನನ್ನೇ ಕರೀರಿ" ಎಂದು ವಿಜಯಾ ತನ್ನ ಅರೆಬರೆ ಮಲಯಾಳಂನಲ್ಲಿ ಕೂಗಿ ಆಯುರ್ವೇದ ಚಿಕಿತ್ಸಾಲಯದ ಕೌಂಟರ್ ಮೇಲೆ ಕೈ ಬಡಿದಳು.

ಕೌಂಟರಿನಲ್ಲಿದ್ದ ಜುಬೈದಾ ಎದ್ದು ನಿಂತಳು. "ಚೇಚಿ, ದಯವಿಟ್ಟು ಮೆಲ್ಲಗೆ. ರೋಗಿಗಳಿಗೆ ಟೆನ್ಷನ್ ಆಗಬಾರದು ಅಂತ ವೈದ್ಯರು ಹೇಳಿದ್ದಾರೆ."

"ರೋಗಿ ಅವರಲ್ಲ ಕಣಮ್ಮ. ರೋಗಿ ಕೊಚ್ಚಿಯ ಆಸ್ಪತ್ರೆಯಲ್ಲಿ ಮಲಗಿದ್ದಾರೆ" ಎಂದವಳೇ ವಿಜಯಾ ಉತ್ತರಕ್ಕೂ ಕಾಯದೆ ಒಳಗೆ ನುಗ್ಗಿದಳು.

ನಮ್ಮ ಆಷಾಢದ ಹೊತ್ತಿಗೆ ಬರುವ ಕರ್ಕಿಡಕ ತಿಂಗಳಲ್ಲಿ ಮೈಗೆ ಎಣ್ಣೆ ಹಚ್ಚಿಸಿಕೊಂಡು, ಔಷಧಿ ಗಂಜಿ ಕುಡಿದು, ವಿಶ್ರಾಂತಿ ತೆಗೆದುಕೊಳ್ಳುವುದು ಕೇರಳದವರ ಪದ್ಧತಿ. ಒಳ್ಳೆಯದೇ, ಯಾರು ಬೇಡ ಅಂದರು? ಆದರೆ ಅವಳ ಗಂಡ ಕೃಷ್ಣಾನಂದನಿಗೆ ಯಾವ ಕಾಯಿಲೆಯೂ ಇರಲಿಲ್ಲ. ಕೊಚ್ಚಿಯ ಎಡಪ್ಪಳ್ಳಿಯ ಮನೆಯಲ್ಲಿ ತಾಯಿಯ ಕಾಲಿನ ಹುಣ್ಣು ವಾಸನೆ ಹೊಡೆಯಲು ಶುರುವಾದ ವಾರವೇ ಅವನಿಗೆ ಸೊಂಟ ನೋವು ಬಂತು. ಕೊಚ್ಚಿಯ ತುಂಬ ಆಯುರ್ವೇದ ವೈದ್ಯರಿದ್ದರೂ ಇನ್ನೂರು ಕಿಲೋಮೀಟರ್ ಆಚೆ, ತಿರುವನಂತಪುರದ ಶ್ರೀಕಾರ್ಯಂವರೆಗೆ ಬಂದು, ಮೊಬೈಲನ್ನು ಕೌಂಟರಿಗೆ ಒಪ್ಪಿಸಿ ಮಲಗಿಬಿಟ್ಟಿದ್ದ. ಇವತ್ತಿಗೆ ಹನ್ನೊಂದು ದಿನ.

ಕೋಣೆಯಲ್ಲಿ ಅವನು ಎಣ್ಣೆ ಮೈಯಲ್ಲಿ, ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಆರೈಕೆಯ ಇಸ್ಮಾಯಿಲ್ ಬಟ್ಟಲು ಹಿಡಿದು ಗಂಜಿ ತಿನ್ನಿಸುತ್ತಿದ್ದ. ಐವತ್ಮೂರು ವರ್ಷದ ಬ್ಯಾಂಕ್ ಮ್ಯಾನೇಜರು ಬಾಯಿ ತೆರೆದು ಕಾಯುತ್ತಿದ್ದುದನ್ನು ಕಂಡು ವಿಜಯಾಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

"ವಿಜಿ! ನೀನ್ಯಾವಾಗ ಬಂದೆ? ಬಾ, ಕೂತ್ಕೋ" ಎಂದ ಅವನು, ಸಂತೋಷವಾಗಿಯೇ. "ಇಲ್ಲಿ ಎಷ್ಟು ನೆಮ್ಮದಿ ಗೊತ್ತಾ? ಯಾವಾಗ ಏಳಬೇಕು, ಏನು ತಿನ್ನಬೇಕು, ಎಲ್ಲಾ ಅವರೇ ಹೇಳ್ತಾರೆ. ನಾವು ಸುಮ್ನೆ ಹೂಂ ಅಂದ್ರೆ ಸಾಕು. ಮತ್ತೆ ಚಿಕ್ಕ ಮಗು ಆದ ಹಾಗಿದೆ."

"ನಿಮ್ಮಮ್ಮನ ಕಾಲು ತೆಗೀಬೇಕಂತೆ ರೀ. ಮಂಡಿ ಕೆಳಗೆ. ನಾಳೆ ಬೆಳಗ್ಗೆ ತೆಗೀದಿದ್ರೆ ಜೀವಕ್ಕೇ ಅಪಾಯ ಅಂತ ಡಾಕ್ಟರು ಹೇಳಿದ್ದಾರೆ. ಒಪ್ಪಿಗೆ ಪತ್ರ ತಂದಿದ್ದೀನಿ, ಸಹಿ ಹಾಕಿ."

ಕೃಷ್ಣಾನಂದ ಕಾಗದವನ್ನು ನೋಡಿದ, ಇಸ್ಮಾಯಿಲ್‌ನನ್ನು ನೋಡಿದ. "ನನ್ನ ಕೈಯೆಲ್ಲಾ ಎಣ್ಣೆ. ನೀನೇ ಹಾಕ್ಬಿಡು. ನಿನಗೆ ಏನು ಸರಿ ಅನ್ಸುತ್ತೋ ಅದನ್ನೇ ಮಾಡು. ನಾನು ಯಾವತ್ತಾದ್ರೂ ನಿನ್ನ ಮಾತು ಮೀರಿದ್ದೀನಾ?"

ಮೀರಿರಲಿಲ್ಲ, ಅದೇ ಅವಳ ಕರ್ಮ. ಮದುವೆಯಾದ ಇಪ್ಪತ್ನಾಲ್ಕು ವರ್ಷದಲ್ಲಿ ಯಾವ ಊರಿಗೆ ವರ್ಗ ಕೇಳಬೇಕು, ಯಾವ ಮನೆ ಹಿಡಿಯಬೇಕು, ಮಗಳು ನಂದಿತಾ ಏನು ಓದಬೇಕು, ಎಲ್ಲವನ್ನೂ 'ನಿನ್ನಿಷ್ಟ' ಎಂದು ಅವಳ ತಲೆಗೇ ಕಟ್ಟಿದ್ದ. ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರಬೇಕು ಎಂದು ಮೈಸೂರಿನ ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು. ಏನಾದರೂ ಎಡವಟ್ಟಾದಾಗ ಮಾತ್ರ ಇದೇ ಪುಣ್ಯಾತ್ಮ, "ನೀನೇ ತಾನೆ ಹೇಳಿದ್ದು?" ಎಂದು ಮೆಲ್ಲಗೆ ಕೇಳುತ್ತಿದ್ದ. ನಾಳೆ ಅತ್ತೆಗೆ ಹೆಚ್ಚುಕಮ್ಮಿಯಾದರೆ ಸೊಸೆ ಕಾಲು ಕತ್ತರಿಸಿದಳು ಎನ್ನುತ್ತಾರೆ. ಈ ಒಂದು ಸಹಿಯನ್ನು ಮಾತ್ರ ಸತ್ತರೂ ಹಾಕುವುದಿಲ್ಲ ಎಂದುಕೊಂಡೇ ಅವಳು ರೈಲು ಹತ್ತಿದ್ದಳು.

"ಆಯ್ತು, ಸಹಿ ಆಮೇಲೆ" ಎಂದಳು, ಹಲ್ಲು ಕಚ್ಚಿ. "ಯಾವ ಕಾಲು? ಅದನ್ನಾದ್ರೂ ಹೇಳಿ ನೋಡೋಣ."

ಅವನು ಯೋಚಿಸಿದ. "ಬಲಗಾಲು... ಅಲ್ವಾ?"

"ಎಡಗಾಲು! ಎರಡು ತಿಂಗಳಿಂದ ದಿನಾ ಬ್ಯಾಂಡೇಜ್ ಕಟ್ತಾ ಇದ್ದೀನಲ್ರೀ, ನಿಮ್ಮ ಕಣ್ಣೆದುರಿಗೇ! ನಿಮಗೆ ನಾಚಿಕೆ ಮಾನ ಮರ್ಯಾದೆ ಏನಾದ್ರೂ ಇದೆಯಾ?" ಅವಳ ಕೂಗಿಗೆ ಇಸ್ಮಾಯಿಲ್ ಬಟ್ಟಲು ಕೆಳಗಿಟ್ಟು ಗೋಡೆಗೆ ಸರಿದ. ಕೃಷ್ಣಾನಂದ ಕಣ್ಣು ತುಂಬಿಕೊಂಡು, "ನೋಡು, ಇನ್ನೂ ಹತ್ತು ದಿನ ಟೆನ್ಷನ್ ಮಾಡ್ಕೋಬಾರದು ಅಂದಿದ್ದಾರೆ" ಎಂದ.

ಅಷ್ಟರಲ್ಲಿ ವಿಜಯಾಳ ಫೋನ್ ರಿಂಗಾಯಿತು. ಆಸ್ಪತ್ರೆಯಿಂದ ನಂದಿತಾ. "ಅಮ್ಮಾ, ಅಜ್ಜಿಕ್ಕ್ ಸಂಸಾರಿಕ್ಕಣಂ" ಅಜ್ಜಿಗೆ ಮಾತಾಡಬೇಕಂತೆ ಎಂದು ಮಲಯಾಳಂನಲ್ಲೇ ಹೇಳಿ ಫೋನನ್ನು ಅಜ್ಜಿಯ ಕೈಗೆ ಕೊಟ್ಟಳು. ವಿಜಯಾ ಸ್ಪೀಕರ್ ಒತ್ತಿ ಮಂಚದ ಮೇಲಿಟ್ಟಳು. ಕೇಳಲಿ, ಅವನೂ ಕೇಳಲಿ.

"ವಿಜಯಾ, ಎಲ್ಲಮ್ಮಾ ಇದ್ದೀಯ? ಕಾಗದ ಹಿಡ್ಕೊಂಡು ತಿರುವನಂತಪುರಕ್ಕೆ ಹೋದಳು ಅಂತಾಳೆ ನಂದಿತಾ. ಅಷ್ಟು ದೂರ ಯಾಕೆ ಹೋದೆ?" ಅತ್ತೆಯ ದನಿ ಬಳಲಿತ್ತು, ಆದರೆ ನಡುಗುತ್ತಿರಲಿಲ್ಲ. "ನಿನ್ನೆಯಿಂದ ಆ ಡಾಕ್ಟರು ನನ್ನ ಮಂಚದ ಪಕ್ಕ ನಿಂತ್ಕೊಂಡು ಮಗ ಎಲ್ಲಿ, ಮಗ ಎಲ್ಲಿ ಅಂತ ಕೇಳ್ತಾನೆ. ನೀನೂ ಅವನಿಗೇ ಉತ್ತರ ಹೇಳ್ತೀಯ. ನನ್ನನ್ನ ಒಬ್ಬರಾದ್ರೂ ಕೇಳಿದ್ರಾ? ಕಾಲು ನನ್ನದು ಕಣಮ್ಮ. ನನಗೆ ಬುದ್ಧಿ ನೆಟ್ಟಗಿದೆ, ಕೈ ನೆಟ್ಟಗಿದೆ. ಈಗಷ್ಟೇ ಇನ್ನೊಂದು ಕಾಗದ ತರಿಸಿ ನಾನೇ ಸಹಿ ಹಾಕಿದೆ. ನೀನು ಬೇಗ ಬಾ, ನಾಳೆ ನೀನು ಪಕ್ಕದಲ್ಲಿರಬೇಕು."

ವಿಜಯಾಗೆ ಮುಖಕ್ಕೆ ರಪ್ಪೆಂದು ಹೊಡೆದ ಹಾಗಾಯಿತು. ಹೌದಲ್ಲ, ಕೇಳಲೇ ಇಲ್ಲ. "ತಪ್ಪಾಯ್ತು ಅತ್ತೆ. ಹೊರಟೆ" ಎಂದು ಕಾಗದವನ್ನು ಮಡಚಿದಳು.

"ಕೃಷ್ಣ ಇದ್ದಾನಾ ಅಲ್ಲಿ?"

"ಇದ್ದೀನಮ್ಮಾ" ಎಂದ ಅವನು. ಅವನ ಮುಖದಲ್ಲಿ ಆಗಲೇ ಎಂಥದೋ ನಿರಾಳ.

"ನಾನು ಒಂದು ಕಾಲಲ್ಲಿ ನಿಂತ್ಕೊಳ್ಳೋದು ಹೇಗೋ ಕಲ್ತ್ಕೋತೀನಿ ಕಣಪ್ಪ. ಎರಡು ಕಾಲಿರೋನು ನೀನು, ಆರಾಮಾಗಿ ಮಲಕ್ಕೋ."