ಒಂದೆಲಗದ ಬೇಸಿಗೆ

“ನಮ್ಮ ಹೊಳೆ ಎಲ್ಲಿ ಹುಟ್ತದೆ, ಹೇಳಪ್ಪಯ್ಯ?”

ರೇವಮ್ಮ ಒರಳಿನಲ್ಲಿ ಒಂದೆಲಗದ ಸೊಪ್ಪು ಅರೆಯುತ್ತಲೇ ಮೇಷ್ಟ್ರಾದ ಮಗನನ್ನು ಕೇಳಿದರು. ಜಗಲಿಯ ಮೇಲಿದ್ದ ಮೇಷ್ಟ್ರು ತರಗತಿಯಲ್ಲಿ ನಿಂತವರಂತೆ ಬೆನ್ನು ನೆಟ್ಟಗೆ ಮಾಡಿಕೊಂಡರು. “ಬಲ್ಲಾಳರಾಯನ ದುರ್ಗದ ಹತ್ರ ಹುಟ್ಟಿ, ಸಕಲೇಶಪುರ, ಗೊರೂರು ದಾಟಿ, ನಮ್ಮ ಹೊಳೆನರಸೀಪುರಕ್ಕೆ ಬಂದು, ಆಮೇಲೆ ಕನ್ನಂಬಾಡಿ ಹತ್ರ ಕಾವೇರಿ ಸೇರ್ತಾಳೆ.”

“ಕೇಳುಸ್ಕೊಂಡ್ಯೇನವ್ವ?” ರೇವಮ್ಮ ಸೊಸೆಯ ಕಡೆ ತಿರುಗಿದರು. “ಎಲ್ಲಾ ಈ ಸೊಪ್ಪಿನ ಮಹಿಮೆ. ನಿಮ್ಮ ಮೈಸೂರು ಕಾಲೇಜ್ನಾಗೆ ಇದನ್ನ ಕಾಗದಕ್ಕೆ ಅಂಟುಸ್ತಿದ್ರಂತಲ್ಲ. ತಿನ್ನೋದನ್ನ ಯಾರಾದ್ರೂ ಅಂಟುಸ್ತಾರಾ?”

ಪ್ರೇಮಕುಮಾರಿ ನಕ್ಕಳು. ಸಸ್ಯಶಾಸ್ತ್ರದ ಬಿ.ಎಸ್ಸಿ. ಓದುವಾಗ ಒಣಗಿಸಿ ಅಂಟಿಸಿದ್ದ ಆ ದುಂಡೆಲೆಯನ್ನು ಅರವತ್ಮೂರನೇ ಇಸವಿಯ ಆ ಬೇಸಿಗೆಯಲ್ಲಿ ಅವಳೇ ದಿನಾ ಬೆಳಗ್ಗೆ ಹೊಳೆಯಂಚಿನ ಗದ್ದೆಬದುವಿನಿಂದ ಕಿತ್ತು ತರುತ್ತಿದ್ದಳು. ಗಂಡನ ತಲೆಯೊಳಗಿನ ಗಡ್ಡೆಗೆ ಬೆಂಗಳೂರಿನಲ್ಲಿ ಕಿರಣ ಹಾಯಿಸಿದ್ದರು. ಊರವರು ಅದನ್ನು ಕರೆಂಟ್ ಕೊಡೋದು ಎನ್ನುತ್ತಿದ್ದರು. ಗಡ್ಡೆಯ ಜೊತೆಗೆ ಸುತ್ತಲಿನ ಮಿದುಳಿಗೂ ಅದರ ಬಿಸಿ ತಾಗುತ್ತದೆ, ನೆನಪು ಅಲ್ಲಲ್ಲಿ ಹರಿದುಹೋಗಬಹುದು ಎಂದಿದ್ದರು ಡಾಕ್ಟರು. ಒಂದೆಲಗ ಕೊಡಬಹುದೇ ಎಂದು ಅವಳು ಕೇಳಿದ್ದಕ್ಕೆ, “ಕೊಡಿ, ಕೆಡುಕೇನಿಲ್ಲ” ಎಂದು ಸುಮ್ಮನಾಗಿದ್ದರು. ಅವಳು ಓದಿದ್ದ ಯಾವ ಪುಸ್ತಕದಲ್ಲೂ ಕಿರಣಕ್ಕೆ ಎಲೆಯ ಮದ್ದಿರಲಿಲ್ಲ. ಆದರೂ ಅತ್ತೆಯಷ್ಟೇ ಅವಳೂ ನಂಬಿದ್ದಳು. ಒರಳಿನ ಸದ್ದು, ಹಸಿ ಸೊಪ್ಪಿನ ವಾಸನೆ, ಆ ತಮಾಷೆಗಳು. ನಂಬಿಕೆಯಿದ್ದ ಬೆಳಗುಗಳು ಅವು.

“ಅವ್ವ, ಹಿಂಗೇ ಸೊಪ್ಪು ಹಾಕ್ತಾ ಇದ್ರೆ ನಾನು ಕೊಟ್ಟಿಗೇಲಿ ನಿಂತ್ಕೊಂಡು ಹಾಲು ಕೊಡ್ತೀನಿ ನೋಡು,” ಎಂದರು ಮೇಷ್ಟ್ರು.

“ಕೊಡು, ಮಜ್ಜಿಗೆಗಾದ್ರೂ ಆಯ್ತದೆ. ಈಗ ಬಾಯ್ಬುಡು.”

ಅಂದು ಒಂಬತ್ತರ ಬಸ್ಸಿಗೆ ಬೆಂಗಳೂರಿಗೆ ಹೊರಡಬೇಕಿತ್ತು. ಡಾಕ್ಟರು ಪರೀಕ್ಷೆ ಮಾಡಿ ಸರಿಯೆಂದರೆ ಜೂನಿನಿಂದ ಮೇಷ್ಟ್ರು ಮತ್ತೆ ಶಾಲೆಗೆ ಹೋಗಬಹುದು. ಇಲ್ಲವೆಂದರೆ ಇನ್ನು ಶಾಲೆಯಿಲ್ಲ.

“ಅತ್ತೆ, ಅಲ್ಲಿ ಹೊಳೆ ಗಿಳೆ ಕೇಳಲ್ಲ. ಮೊದಲು ಹೆಸರು ಕೇಳ್ತಾರೆ,” ಎಂದ ಪ್ರೇಮಕುಮಾರಿ ಗಂಡನ ಕಡೆ ತಿರುಗಿದಳು. “ಹೇಳ್ರೀ, ನಿಮ್ಮ ಹೆಸರೇನು?”

“ಮೇಷ್ಟ್ರು.”

“ಅದು ಕೆಲಸ. ಹೆಸರು?”

“ಅಪ್ಪಯ್ಯ.”

“ಅದು ಅತ್ತೆ ಕರೆಯೋದು.”

“ನೀನು ರೀ ಅಂತೀಯ,” ಎಂದು ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು. ಹಣೆಯ ಮೇಲೆ ಬೆವರು ಕಾಣಿಸಿಕೊಂಡಿತು. “ಇನ್ನೊಂದಿತ್ತು,” ಎಂದರು ಮೆಲ್ಲಗೆ.

ಹುಟ್ಟಿದಾಗ ಅವರಿಗೆ ತಾತನ ಹೆಸರನ್ನೇ ಇಟ್ಟಿದ್ದರು. ಮಾವನ ಹೆಸರು ಬಾಯಲ್ಲಿ ಬರಬಾರದೆಂದು ರೇವಮ್ಮ ತೊಟ್ಟಿಲಿನಿಂದಲೇ ಮಗನನ್ನು ಅಪ್ಪಯ್ಯ ಎಂದರು. ಊರು ಮೇಷ್ಟ್ರು ಎಂದಿತು. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಳೆಯುತ್ತದೆಂಬ ಮಾತನ್ನು ಪ್ರೇಮಕುಮಾರಿ ನಂಬುತ್ತಿರಲಿಲ್ಲ. ಗಡ್ಡೆ ಕಂಡ ಮೇಲೆ, ನಂಬದಿರುವ ಧೈರ್ಯ ಉಳಿದಿರಲಿಲ್ಲ. ಹೊಳೆ, ಊರು, ನೆಂಟರು, ಎಲ್ಲವನ್ನೂ ದಿನಾ ಕೇಳಿ ಕೇಳಿ ಉಳಿಸಿಕೊಂಡಿದ್ದರು. ಆ ಹೆಸರೊಂದನ್ನು ಮಾತ್ರ ಮನೆಯಲ್ಲಿ ಯಾರೂ ಎತ್ತಿರಲೇ ಇಲ್ಲ.

“ಅತ್ತೆ, ನೀವೇ ಹೇಳಿಬಿಡಿ.”

“ಶಿವ ಶಿವಾ! ಮಾವನ ಹೆಸ್ರು ಕಣವ್ವ. ಇಷ್ಟು ವರ್ಸದಲ್ಲಿ ಕನಸಲ್ಲೂ ಅಂದಿಲ್ಲ. ನೀನೇ ಹೇಳು, ಓದಿದೋಳು.”

“ಓದಿದೋಳಿಗೆ ಗಂಡ ಬೇಡ್ವಾ ಅತ್ತೆ?”

ರೇವಮ್ಮ ಮತ್ತೆ ಒರಳಿಗೆ ಕೈಹಾಕಿದರು. ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ಪ್ರೇಮಕುಮಾರಿ ಜಗಲಿಯ ಹತ್ತಿರ ಹೋಗಿ, ಗಂಡನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಕಿವಿಯ ಬಳಿ ಬಾಗಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಹೇಳಿದಳು:

“ಚನ್ನಬಸವಯ್ಯ.”

ಮೇಷ್ಟ್ರು ಗಮನವಿಟ್ಟು ಕೇಳಿದರು. ತಲೆದೂಗಿದರು.

“ಒಳ್ಳೇ ಹೆಸರು,” ಎಂದರು. “ಯಾರದು?”

ಒರಳು ನಿಂತಿತು. ರೇವಮ್ಮ ಎದ್ದರು. ಮಾವ ಎದುರಿಗೇ ಬಂದು ನಿಂತಂತೆ, ಹಸಿರು ಮೆತ್ತಿದ ಕೈಯಿಂದಲೇ ಸೆರಗನ್ನು ತಲೆ ತುಂಬ ಎಳೆದುಕೊಂಡರು. ಆಮೇಲೆ, ಬೀದಿಯ ಕೊನೆಯಲ್ಲಿ ಆಡುತ್ತಿರುವ ಮಗನನ್ನು ಊಟಕ್ಕೆ ಕರೆಯುವ ತಾಯಿಯಂತೆ, ಅಕ್ಕಪಕ್ಕದ ಮನೆಗಳಿಗೆಲ್ಲ ಕೇಳುವ ಹಾಗೆ, ಆ ಹೆಸರು ಹಿಡಿದು ಕೂಗತೊಡಗಿದರು.